ಶೇಂಗಾ, ಗೋಧಿ, ಇಂಗು ಇಲ್ಲದ ಒಂದು ಪಂಕ್ತಿ: ಧಾರವಾಡದ ಮದುವೆ ಅಡುಗೆಯವರೊಬ್ಬರ ಸೇವೆಯ ಬಗ್ಗೆ

ಕಳೆದ ಮೇ ತಿಂಗಳಲ್ಲಿ ಧಾರವಾಡದ ಒಂದು ಮಂಗಲ ಕಾರ್ಯಾಲಯದಲ್ಲಿ ನಮ್ಮ ಕಿರಿಯ ಮಗಳ ಮದುವೆಯಾಯಿತು. ಹಿಂದಿನ ದಿನ ಸಂಜೆಯ ಊಟಕ್ಕೆ ಸುಮಾರು 200 ಜನ, ಮರುದಿನ ಅಕ್ಕಿಕಾಳು ಬಿದ್ದ ಮೇಲಿನ ಊಟಕ್ಕೆ 600 ಜನ ಬಂದಿದ್ದರು. ಅವರಲ್ಲಿ 21 ಮಂದಿಗೆ ಎಲ್ಲರ ಎಲೆಗೆ ಬೀಳುವ ಅಡುಗೆ ನಡೆಯುವಂತಿರಲಿಲ್ಲ. ಹಾವೇರಿಯಲ್ಲಿರುವ ನನ್ನ ತಂಗಿಯ 9 ವರ್ಷದ ಮಗನಿಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಶ ಅಲ್ಪ ಪ್ರಮಾಣದಲ್ಲಿ ಹೊಟ್ಟೆಗೆ ಹೋದರೂ ಅವನ ಕರುಳಿಗೆ ಪೆಟ್ಟು ಬೀಳುತ್ತದೆ. ನಮ್ಮ ಯಜಮಾನರ ಸಹೋದ್ಯೋಗಿಯೊಬ್ಬರ ಮಗಳಿಗೆ ಶೇಂಗಾ ಅಲರ್ಜಿ. ಗದಗಿನಿಂದ ಬರಲಿದ್ದ ಬೀಗರ ಮನೆಯ ಅಜ್ಜಿಯವರು ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವರು. ಹುಬ್ಬಳ್ಳಿಯ ಎರಡು ಜೈನ ಕುಟುಂಬಗಳಿಗೆ ಸೂರ್ಯಾಸ್ತದೊಳಗೆ ಊಟ ಮುಗಿಯಬೇಕಿತ್ತು. ಉಳಿದವರು ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರು. ಇಷ್ಟೂ ಜನರನ್ನು ನೆನಪಿನಲ್ಲಿಟ್ಟುಕೊಂಡು ಧಾರವಾಡದ ಒಬ್ಬ ಕೇಟರಿಂಗ್‌ನವರು ಮಾಡಿದ ಕೆಲಸವನ್ನೂ ಅವರು ತಪ್ಪಿದ ಕಡೆಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೂರು ವರ್ಷಗಳ ಹಿಂದೆ ಹಿರಿಯ ಮಗಳ ಮದುವೆಯಲ್ಲಿ ಬೇರೆಯವರಿಗೆ ಅಡುಗೆಯ ಗುತ್ತಿಗೆ ಕೊಟ್ಟಿದ್ದೆವು. ತಂಗಿಯ ಮಗನ ವಿಷಯ ಹೇಳಿದಾಗ ಅವರು "ಆತ್ರಿ, ಮಾಡೋಣ್ರಿ" ಎಂದಿದ್ದರು. ಮದುವೆಯ ದಿನ ಆ ಹುಡುಗನ ಮುಂದೆ ಬಂದದ್ದು ಬರಿ ಅನ್ನ, ಎಲ್ಲರಿಗೂ ಬಡಿಸಿದ ಅದೇ ಸಾರು, ಮೊಸರು. ಅಂದು ರಾತ್ರಿಯಿಂದ ಎರಡು ದಿನ ಅವನಿಗೆ ಹೊಟ್ಟೆನೋವು, ಭೇದಿ. ಯಾವುದರಿಂದ ಹಾಗಾಯಿತೆಂದು ಆಗ ನಮಗೆ ತಿಳಿದಿರಲಿಲ್ಲ. ಸಾರಿನಲ್ಲಿ ಗೋಧಿ ಎಲ್ಲಿಂದ ಬರಬೇಕು ಎಂದೇ ಎಲ್ಲರೂ ಕೇಳಿದರು. ಆ ಮಗು ಹೊಟ್ಟೆ ಹಿಡಿದುಕೊಂಡು ಮಲಗಿದ್ದನ್ನು ನೋಡಿದ ಮೇಲೆ ಈ ಸಲ ನಾನು ಅಡುಗೆಯವರನ್ನು ಗೊತ್ತುಮಾಡುವ ಮೊದಲು ಮೂರು ಕಡೆ ಹೋಗಿ ಕುಳಿತು ಮಾತಾಡಿದೆ. ಇಬ್ಬರು ಊಟದ ಪದಾರ್ಥಗಳ ಪಟ್ಟಿಯನ್ನು ಮುಂದಿಟ್ಟು ದರ ಹೇಳಿದರು. ಮೂರನೆಯವರು ಪಟ್ಟಿಯನ್ನು ಪಕ್ಕಕ್ಕಿಟ್ಟು, ಯಾರಿಗೆ ಏನು ಆಗುವುದಿಲ್ಲ, ತಿಂದರೆ ಏನಾಗುತ್ತದೆ, ಔಷಧಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿ ಒಂದು ವಹಿಯಲ್ಲಿ ಬರೆದುಕೊಂಡರು. ಗುತ್ತಿಗೆಯನ್ನು ಅವರಿಗೇ ಕೊಟ್ಟೆವು.

ಅಂದೇ ಅವರು ಒಳಗಿನಿಂದ ಒಂದು ಇಂಗಿನ ಡಬ್ಬಿಯನ್ನು ತಂದು ನನ್ನ ಕೈಗೆ ಕೊಟ್ಟು, "ಅಕ್ಕಾರ, ಹಿಂದ ಏನ್ ಬರದಾರ ಓದ್ರಿ" ಎಂದರು. ಕನ್ನಡಕ ಹಾಕಿಕೊಂಡು ಸಣ್ಣಕ್ಷರಗಳನ್ನು ಓದಿದೆ. ಅಂಟು, ಗೋಧಿ ಹಿಟ್ಟು, ಇಂಗು ಎಂದಿತ್ತು. ಅಂಗಡಿಯಲ್ಲಿ ಸಿಗುವ ಡಬ್ಬಿಯ ಇಂಗು ಬಹುಮಟ್ಟಿಗೆ ಹೀಗೆ ಹಿಟ್ಟು ಬೆರೆಸಿದ್ದೇ ಆಗಿರುತ್ತದೆ. ಕೆಲವು ಕಂಪನಿಗಳವರು ಮಾತ್ರ ಅಕ್ಕಿ ಹಿಟ್ಟು ಬೆರೆಸುತ್ತಾರೆ. ಮೂವತ್ತು ವರ್ಷ ದಿನವೂ ಒಗ್ಗರಣೆಗೆ ಇಂಗು ಹಾಕುತ್ತ ಬಂದ ನನಗೆ ಅದು ಅಂದೇ ಗೊತ್ತಾಯಿತು. ಮೂರು ವರ್ಷದ ಹಿಂದಿನ ಆ ಸಾರೂ ಕಣ್ಣ ಮುಂದೆ ಬಂತು. ಪೊಟ್ಟಣದ ಆಹಾರಗಳ ಮೇಲೆ ಗ್ಲುಟೆನ್ ಇರುವ ಧಾನ್ಯ, ಹಾಲು, ಶೇಂಗಾ, ಸೋಯಾ ಮುಂತಾದವುಗಳ ಇರುವಿಕೆಯನ್ನು ನಮೂದಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಾವಳಿ ಹೇಳುತ್ತದೆ. ನಾವಿಬ್ಬರೂ ಕುಳಿತು ಅವರ ಅಡುಗೆಮನೆಯ ಮಸಾಲೆ ಪೊಟ್ಟಣಗಳನ್ನೆಲ್ಲ ತಿರುಗಿಸಿ ಓದಿದೆವು.

ಜೋಳದ ರೊಟ್ಟಿ ಇರುವ ನಮ್ಮ ನಾಡಿನಲ್ಲಿ ಗೋಧಿ ತಿನ್ನದವರಿಗೆ ಊಟಕ್ಕೇನು ಕೊರತೆ ಎಂದು ಅನ್ನಿಸುವುದು ಸಹಜ. ಜೋಳ, ಸಜ್ಜೆ, ರಾಗಿ, ನವಣೆ, ಅಕ್ಕಿ ಯಾವುದರಲ್ಲಿಯೂ ಗ್ಲುಟೆನ್ ಇಲ್ಲ. ಆದರೆ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಹಿಂದಿನಿಂದ ಜೋಳವನ್ನು ಸುರಿಯುತ್ತಾರೆ, ಮೊದಲ ಸೇರು ಹಿಟ್ಟಿನಲ್ಲಿ ಗೋಧಿ ಬೆರೆತೇ ಬರುತ್ತದೆ. ಗ್ಲುಟೆನ್ ಇಲ್ಲವೆಂದು ಮಾರುವ ಆಹಾರದಲ್ಲಿ ಅದು ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ನೋಡಿದರೆ ಆ ಒಂದು ಹಿಡಿ ಹಿಟ್ಟು ಎಷ್ಟು ದೊಡ್ಡದೆಂದು ಅರ್ಥವಾಗುತ್ತದೆ. ಈ ಅಡುಗೆಯವರು ಬಿಳಿಜೋಳವನ್ನು ಮನೆಯಲ್ಲೇ ಹಸನು ಮಾಡಿಸಿ, ಗೋಧಿ ಮುಟ್ಟದ ತಮ್ಮ ಸಣ್ಣ ಯಂತ್ರದಲ್ಲಿ ನಾಲ್ಕು ಕಿಲೋ ಬೀಸಿಸಿದರು. ರೊಟ್ಟಿ ಬಡಿಯಲು ಬರುವ ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಬೇರೆ ಹಂಚು, ಬೇರೆ ಒಲೆ ಕೊಟ್ಟು, ಚಪಾತಿ ಲಟ್ಟಿಸುವ ಕಡೆಯಿಂದ ದೂರ, ಹಿತ್ತಲಿನ ಬಾಗಿಲ ಹತ್ತಿರ ಕೂಡಿಸಿದ್ದರು. ಗೋಧಿ ಹಿಟ್ಟು ಗಾಳಿಗೆ ಹಾರಿ ಬರುತ್ತದೆಂಬುದನ್ನು ನಾನು ಹೇಳಿರಲಿಲ್ಲ, ಅವರೇ ಯೋಚಿಸಿದ್ದರು.

ಶೇಂಗಾದ ವಿಷಯ ಇದಕ್ಕಿಂತ ಕಠಿಣವಾಗಿತ್ತು. ನಮ್ಮ ಭಾಗದ ಮದುವೆ ಊಟದಲ್ಲಿ ಶೇಂಗಾ ಇಲ್ಲದ ಪದಾರ್ಥವನ್ನು ಹುಡುಕಬೇಕಾಗುತ್ತದೆ. ಎಣ್ಣೆಗಾಯಿಯ ಮಸಾಲೆಯಲ್ಲಿ ಶೇಂಗಾ ಪುಡಿ, ಚಟ್ನಿ ಪುಡಿ ಶೇಂಗಾದ್ದು, ಚಿತ್ರಾನ್ನದಲ್ಲಿ ಶೇಂಗಾ, ಕರಿಯುವ ಎಣ್ಣೆಯೂ ಹಲವು ಕಡೆ ಶೇಂಗಾದ್ದೇ. ಆ ಹುಡುಗಿಗೆ ಹಿಂದೊಮ್ಮೆ ಯಾರದೋ ಮನೆಯ ಪಲ್ಯದಲ್ಲಿದ್ದ ಒಂದು ಚಮಚ ಪುಡಿಗೆ ತುಟಿ ಬಾತು ಉಸಿರು ಕಟ್ಟಿತ್ತು; ವೈದ್ಯರು ಬರೆದುಕೊಟ್ಟ ಅಡ್ರಿನಲಿನ್ ಚುಚ್ಚುಮದ್ದನ್ನು ತಾಯಿ ಚೀಲದಲ್ಲಿಟ್ಟುಕೊಂಡೇ ತಿರುಗುತ್ತಾರೆ. ಅಂಥ ಮಕ್ಕಳ ತಾಯಂದಿರು ಮದುವೆಗೆ ಬಂದು ಊಟ ಮಾಡದೆ ಹೋಗುವುದನ್ನು ನಾನು ನೋಡಿದ್ದೇನೆ, ಅದು ನನಗೆ ಬಹಳ ನೋವು ಕೊಟ್ಟಿದೆ. ಅಡುಗೆಯವರು ಮೊದಲು ಆ ತಾಯಿಗೆ ಫೋನ್ ಮಾಡಿ, ಮಗುವಿಗೆ ಪುಟಾಣಿ (ಹುರಿಗಡಲೆ) ನಡೆಯುತ್ತದೆಯೇ, ಎಳ್ಳು ನಡೆಯುತ್ತದೆಯೇ ಎಂದು ಕೇಳಿದರು. ಎಳ್ಳು ಬೇಡ, ಪುಟಾಣಿ ಆಗುತ್ತದೆ ಎಂಬ ಉತ್ತರ ಬಂತು. ಪುಟಾಣಿ ಹಿಟ್ಟು, ಒಣಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿಯ ಖಾರ, ಸ್ವಲ್ಪ ಹುಣಸೆ ಮತ್ತು ಬೆಲ್ಲವನ್ನು ಕೂಡಿಸಿ ಮುಳಗಾಯಿಗೆ ತುಂಬಿ, ಕುಸುಬೆ ಎಣ್ಣೆಯಲ್ಲಿ ಎಣ್ಣೆಗಾಯಿ ಮಾಡಿದರು. ಮಸಾಲೆ ರುಬ್ಬಲು ಹೊಸ ಮಿಕ್ಸರ್ ಜಾರ್ ತಂದಿದ್ದರು. ಶೇಂಗಾ ಪುಡಿ ಮಾಡಿದ ಜಾರಿನ ಅಲಗಿನ ಕೆಳಗೆ ಎಷ್ಟು ತೊಳೆದರೂ ಪುಡಿ ಉಳಿಯುತ್ತದೆ ಎಂದು ಒಂದನ್ನು ಬಿಚ್ಚಿ ತೋರಿಸಿದರು. ನಾನೂ ಆ ಎಣ್ಣೆಗಾಯಿಯ ರುಚಿ ನೋಡಿದೆ. ಶೇಂಗಾದ ಜಿಡ್ಡಿನ ಸವಿ ಇರಲಿಲ್ಲ, ಆದರೆ ಮುಳಗಾಯಿಯ ಸವಿ ಹೆಚ್ಚಾಗಿಯೇ ಸಿಕ್ಕಿತು.

ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಲೆಕ್ಕಾಚಾರ. ಐದು ಬಗೆಯ ಅತಿಥಿಗಳಿಗೆ ಐದು ಅಡುಗೆ ಹೂಡಿದರೆ ಯಾವುದೂ ಸರಿಯಾಗುವುದಿಲ್ಲವೆಂದು ಹೇಳಿ, ಸಾಧ್ಯವಾದಷ್ಟು ಮಂದಿಗೆ ನಡೆಯುವ ಒಂದೇ ಬೇಳೆ ಸಾರನ್ನು ಹೂಡಿದರು. ಇಂಗಿಲ್ಲ, ಉಳ್ಳಾಗಡ್ಡಿಯಿಲ್ಲ, ಬೆಳ್ಳುಳ್ಳಿಯಿಲ್ಲ, ಹಸಿ ಶುಂಠಿಯಿಲ್ಲ. ಜೀರಿಗೆ, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆ ಮಾತ್ರ. ಅದೇ ಪಾತ್ರೆಯಿಂದ ತಂಗಿಯ ಮಗನೂ ಶೇಂಗಾ ಆಗದ ಹುಡುಗಿಯೂ ಜೈನ ಕುಟುಂಬದವರೂ ಉಂಡರು. ಸಿಹಿಗೂ ಹಾಗೆಯೇ. ಹೋಳಿಗೆಯ ಕಣಕದಲ್ಲಿ ಗೋಧಿಯುಂಟು, ಹೂರಣದಲ್ಲಿಲ್ಲ. ಕಡಲೆಬೇಳೆ ಬೆಲ್ಲದ ಹೂರಣವನ್ನು ರುಬ್ಬಿದ ಕೂಡಲೇ, ಅದು ಕಣಕದ ಹತ್ತಿರ ಹೋಗುವ ಮೊದಲೇ, ಮುಚ್ಚಳವಿರುವ ಡಬ್ಬಿಗೆ ತುಂಬಿಟ್ಟಿದ್ದರು. ಎಲ್ಲರಿಗೂ ಹೋಳಿಗೆ ಬಂದಾಗ ನನ್ನ ತಂಗಿಯ ಮಗನಿಗೆ ಬಟ್ಟಲಿನಲ್ಲಿ ಹೂರಣ, ಮೇಲೆ ಬಿಸಿ ತುಪ್ಪ, ಏಲಕ್ಕಿ ಪುಡಿ ಬಂತು. ಪಕ್ಕದಲ್ಲಿ ಕುಳಿತ ಹುಡುಗರು ತಮಗೂ ಹಾಗೇ ಬೇಕೆಂದು ಕೇಳಿದರು.

ಇನ್ನು ಲೋಪಗಳು. ಬೇರೆ ಅಡುಗೆಯ ಪಾತ್ರೆಗಳಿಗೂ ಸೌಟುಗಳಿಗೂ ಹಸಿರು ಟೇಪು ಸುತ್ತಿದ್ದರು, ಒಬ್ಬ ಬಡಿಸುವವನನ್ನು ಅದಕ್ಕೇ ನಿಲ್ಲಿಸಿದ್ದರು. ಎರಡನೆಯ ಪಂಕ್ತಿಯ ಗದ್ದಲದಲ್ಲಿ ಅವನು ನೀರು ತರಲು ಹೋದ ಎರಡು ನಿಮಿಷಗಳಲ್ಲಿ, ಕೂಲಿಗೆ ಬಂದ ಬೇರೊಬ್ಬ ಹುಡುಗ ಸಾಮಾನ್ಯ ಎಣ್ಣೆಗಾಯಿಯ ಸೌಟನ್ನು ಹಸಿರು ಟೇಪಿನ ಪಾತ್ರೆಗೆ ಅದ್ದಿಬಿಟ್ಟ. ಮುಖ್ಯ ಅಡುಗೆಯವರು ಅದನ್ನು ದೂರದಿಂದಲೇ ನೋಡಿ ಓಡಿ ಬಂದರು, ಪಾತ್ರೆಯನ್ನು ಎತ್ತಿ ಒಳಗೆ ಒಯ್ದರು. ಮೇಲುಮೇಲಿನದನ್ನು ತೆಗೆದು ಉಳಿದದ್ದನ್ನು ಬಡಿಸುವ ಯೋಚನೆಯನ್ನೂ ಮಾಡಲಿಲ್ಲ. ಅರ್ಧದಷ್ಟನ್ನು ಮೊದಲೇ ತೆಗೆದಿಟ್ಟು ಮುಚ್ಚಿದ್ದರಿಂದ ಆ ಹುಡುಗಿಯ ಊಟಕ್ಕೆ ಕೊರತೆಯಾಗಲಿಲ್ಲ. ಆದರೂ ಹುಡುಗ ಆ ಸೌಟನ್ನು ನೇರವಾಗಿ ಅವಳ ಎಲೆಗೆ ತಂದಿದ್ದರೆ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ದಿನಗೂಲಿಗೆ ಕರೆಸುವ ಬಡಿಸುವವರಿಗೆಲ್ಲ ಬೆಳಿಗ್ಗೆ ಕೂಡಿಸಿ ಹೇಳಲೇಬೇಕಿತ್ತು, ಅದನ್ನು ಅವರು ಮಾಡಿರಲಿಲ್ಲ.

ಗದಗಿನ ಅಜ್ಜಿಯವರ ಊಟದಲ್ಲಿ ಆಗಬಹುದಾಗಿದ್ದ ತಪ್ಪು ಇನ್ನೂ ದೊಡ್ಡದು. ಅವರಿಗೆ ಉಪ್ಪು ಕಡಿಮೆ ಬೇಕು ಎಂದು ಹೇಳಿದ್ದಕ್ಕೆ ಅಡುಗೆಯವರು ಒಳ್ಳೆಯ ಮನಸ್ಸಿನಿಂದಲೇ ಅಂಗಡಿಯಿಂದ ಕಡಿಮೆ ಸೋಡಿಯಂ ಉಪ್ಪಿನ ಪೊಟ್ಟಣ ತಂದಿದ್ದರು. ಆ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಭಾಗದ ಬದಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮೂತ್ರಪಿಂಡ ಕೆಲಸ ಮಾಡದವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತಕ್ಕೇ ಅಪಾಯ. ಅಜ್ಜಿಯ ಮೊಮ್ಮಗಳು ಹಿಂದಿನ ದಿನ ಅಡುಗೆಮನೆಗೆ ಬಂದು ಪೊಟ್ಟಣ ನೋಡಿ ತಡೆದಳು. ಆಮೇಲೆ ಅವಳೇ ನಿಂತು, ಆಸ್ಪತ್ರೆಯ ಆಹಾರ ತಜ್ಞರು ಬರೆದುಕೊಟ್ಟ ಚೀಟಿಯಂತೆ, ಹೆಚ್ಚಿದ ಅವರೆ ಮತ್ತು ಹೀರೆಕಾಯಿಯನ್ನು ಬಹಳ ನೀರಿನಲ್ಲಿ ಕುದಿಸಿ ಆ ನೀರನ್ನು ಚೆಲ್ಲಿಸಿ, ಅಳತೆಯ ಸಾಮಾನ್ಯ ಉಪ್ಪಿನಲ್ಲಿ ಪಲ್ಯ ಮಾಡಿಸಿದಳು. ಇಂಗಿನ ಡಬ್ಬಿಯನ್ನು ಓದುವ ಅಡುಗೆಯವರು ಉಪ್ಪಿನ ಪೊಟ್ಟಣವನ್ನು ಓದದೇ ಹೋದದ್ದು ನನಗೆ ಆಶ್ಚರ್ಯ. ಇಂಥ ರೋಗಿಗಳಿದ್ದರೆ ಮನೆಯವರೇ ಚೀಟಿ ಹಿಡಿದು ಎದುರಿಗೆ ನಿಲ್ಲಬೇಕು, ಯಾವ ಕೇಟರಿಂಗ್‌ನವರ ಮೇಲೂ ಪೂರ್ತಿ ಬಿಡಬಾರದು.

ಸಕ್ಕರೆ ಕಾಯಿಲೆಯ ಹಿರಿಯರ ವಿಷಯದಲ್ಲಿ ಸಮಯ ಪಾಲನೆ ಚೆನ್ನಾಗಿತ್ತು. ಮುಹೂರ್ತ 12:35ಕ್ಕೆ ಇದ್ದು, ಪಂಕ್ತಿ ಹತ್ತುವಷ್ಟರಲ್ಲಿ ಎರಡು ಗಂಟೆ ಆಗುತ್ತದೆಂದು ಗೊತ್ತಿದ್ದರಿಂದ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಒಳಗಿನ ಕೋಣೆಯಲ್ಲಿ ಹನ್ನೆರಡೂವರೆಗೇ ರೊಟ್ಟಿ, ಮಡಿಕೆ ಕಾಳಿನ ಉಸುಳಿ, ಮಜ್ಜಿಗೆ ಕೊಟ್ಟರು. ಆದರೆ ಅಲ್ಲಿಟ್ಟ ಚೀಟಿಯಲ್ಲಿ "ಸಕ್ಕರೆ ಕಾಯಿಲೆಯವರಿಗಾಗಿ ಬೆಲ್ಲದ ಸಿಹಿ" ಎಂದು ಬರೆದಿದ್ದು ತಪ್ಪು. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಆ ಚೀಟಿಯನ್ನು ನಂಬಿ ನಮ್ಮ ಮಾವನವರು ಎರಡು ಹೋಳಿಗೆ ಹಾಕಿಸಿಕೊಂಡಿದ್ದರು. ಜೈನ ಕುಟುಂಬಗಳ ಸಂಜೆಯ ಊಟ ಆರಕ್ಕೆ ಎಂದು ಮಾತಾಗಿತ್ತು, ಬಂದದ್ದು 6:25ಕ್ಕೆ. ಮೇ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದು ಏಳಕ್ಕೆ ಸ್ವಲ್ಪ ಮೊದಲು. ಅವರು ಅವಸರದಿಂದ ಉಂಡು ನೀರು ಕುಡಿದು ಎದ್ದರು. ಒಬ್ಬ ತಾಯಿ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಏನೂ ಅನ್ನದೆ ನಕ್ಕು ಕೈ ಮುಗಿದರು, ಆದರೆ ಕರೆದವಳಾಗಿ ನನಗೆ ಸಂಕೋಚವಾಯಿತು.

ದರದ ಬಗ್ಗೆ ಹೇಳುವುದಾದರೆ, ಸಾಮಾನ್ಯ ಊಟಕ್ಕೆ ಎಲೆಗೆ 280 ರೂಪಾಯಿ ಹಿಡಿದರು. 21 ಜನರಿಗೆ ಎಲೆಯ ದರವನ್ನು ಏರಿಸಲಿಲ್ಲ. ಹೆಚ್ಚಿಗೆ ಒಬ್ಬ ಅಡುಗೆಯವರ ಮತ್ತು ಒಬ್ಬ ಬಡಿಸುವವನ ಎರಡು ದಿನದ ಕೂಲಿ, ಹೊಸ ಜಾರಿನ ಅರ್ಧ ಬೆಲೆ ಎಂದು ಬೇರೆಯಾಗಿ 5,200 ರೂಪಾಯಿ ಬರೆದಿದ್ದರು. ಈ ಪದ್ಧತಿ ನನಗೆ ನ್ಯಾಯವೆನ್ನಿಸಿತು, ಏಕೆಂದರೆ ಇಲ್ಲಿ ಖರ್ಚಾಗುವುದು ದಿನಸಿಯಲ್ಲ, ಗಮನ ಕೊಡುವ ಮನುಷ್ಯನ ಸಮಯ. ದರಪತ್ರದ ಮೇಲೆ ಆಹಾರ ಸುರಕ್ಷತೆಯ 14 ಅಂಕಿಗಳ ನೋಂದಣಿ ಸಂಖ್ಯೆಯೂ ಇತ್ತು. ಅತಿಥಿಗಳ ಪಟ್ಟಿಯನ್ನು ಅವರು ಹತ್ತು ದಿನ ಮೊದಲೇ ಕೇಳುತ್ತಾರೆ. ಆಮೇಲೆ ಹೇಳಿದರೆ ಒಪ್ಪಿಕೊಳ್ಳುವುದಿಲ್ಲ, ಅದು ಸರಿಯೇ.

ಮದುವೆಯಾದ ನಾಲ್ಕನೆಯ ದಿನ ಹಾವೇರಿಯಿಂದ ತಂಗಿ ಫೋನ್ ಮಾಡಿ, ಮಗನಿಗೆ ಏನೂ ಆಗಿಲ್ಲವೆಂದು ಹೇಳಿದಳು. ಬರುವ ಮಾರ್ಗಶಿರದಲ್ಲಿ ಹುಬ್ಬಳ್ಳಿಯಲ್ಲಿ ನಮ್ಮ ಮೈದುನನ ಮನೆಯ ಗೃಹಪ್ರವೇಶವಿದೆ. ಅಡುಗೆಯನ್ನು ಇವರಿಗೇ ಒಪ್ಪಿಸಿ ಮುಂಗಡ ಕೊಟ್ಟು ಬಂದಿದ್ದೇನೆ. ಬಡಿಸುವ ಹುಡುಗರನ್ನೆಲ್ಲ ಬೆಳಿಗ್ಗೆಯೇ ಕೂಡಿಸಿ ಹಸಿರು ಟೇಪಿನ ಅರ್ಥ ಹೇಳಬೇಕು, ಆಗ ಸೂರ್ಯ ಬೇಗ ಮುಳುಗುವುದರಿಂದ ಸಂಜೆಯ ಊಟ ಐದಕ್ಕೇ ಎಲೆಗೆ ಬೀಳಬೇಕು ಎಂಬ ಎರಡು ಮಾತುಗಳನ್ನು ಅವರ ವಹಿಯಲ್ಲಿ ನಾನೇ ಬರೆದಿದ್ದೇನೆ.