ಆರ್‌ಎಕ್ಸ್-7 ಎಂಜಿನ್ ಬಿಡಿಬಿಡಿಯಾಗಿ ಮಾರಿದೆ: ಯಾಹೂ ಆಕ್ಷನ್ಸ್‌ಗೆ ಐದಕ್ಕೆ ನಾಲ್ಕು

ಮೊದಲೇ ಹೇಳಿಬಿಡುತ್ತೇನೆ. ಜಪಾನಿನಲ್ಲಿದ್ದು ಹಳೇ ಟರ್ಬೊ ಕಾರಿನ ಎಂಜಿನ್ ಭಾಗಗಳನ್ನು ಮಾರುವುದಿದ್ದರೆ ಯಾಹೂ ಆಕ್ಷನ್ಸ್ ಅನ್ನುವ ಆನ್‌ಲೈನ್ ಹರಾಜು ತಾಣಕ್ಕೇ ಹೋಗಿ. ಇಲ್ಲಿನವರ ಬಾಯಲ್ಲಿ ಅದು ಇನ್ನೂ ‘ಯಾಫುಒಕು’. ಅಂಗಡಿಗೆ ಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ ನಿಜ. ಆದರೆ ಕೈಗೆ ಬರುವುದು ಗುಜರಿ ಬೆಲೆ.

ನನ್ನದು ಮಾಜ್ದಾ ಆರ್‌ಎಕ್ಸ್-7, ಎಫ್‌ಡಿ3ಎಸ್. ಕೆಲಸಕ್ಕೆ ಅಂತ ಹಿರೋಶಿಮಾಗೆ ಬಂದೆ. ಮಾಜ್ದಾದವರ ಊರಿನಲ್ಲಿದ್ದು ರೋಟರಿ ಕಾರು (ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುವ ಎಂಜಿನ್ನಿನದು) ಓಡಿಸದಿದ್ದರೆ ಹೇಗೆ ಅಂತ ಕೊಂಡೆ. ಒಳಗಿದ್ದ ಎಂಜಿನ್ 13ಬಿ-ಆರ್‌ಇಡಬ್ಲ್ಯು. 654 ಸಿಸಿಯ ಎರಡು ರೋಟರ್, ಎರಡು ಟರ್ಬೊ (ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ). ಮೊದಲಿಗೆ ಒಂದೇ ಟರ್ಬೊ ಕೆಲಸ ಮಾಡುತ್ತದೆ, 4500 ಆರ್‌ಪಿಎಂ ಹತ್ತಿರ ಎರಡನೆಯದೂ ಸೇರಿಕೊಳ್ಳುತ್ತದೆ. ಹಿಂಬದಿಯ ರೋಟರಿನ ಅಪೆಕ್ಸ್ ಸೀಲ್, ಅಂದರೆ ಅದರ ಮೂಲೆಯಲ್ಲಿ ಗಾಳಿ ಸೋರದಂತೆ ತಡೆಯುವ ಪಟ್ಟಿ, ಮುರಿದ ಮೇಲೆ ಬೇರೆ ಎಂಜಿನ್ ಹಾಕಿಸಿದೆ, ಒಂದೇ ದೊಡ್ಡ ಟರ್ಬೊ ಸಮೇತ. ಹಳೇ ಎಂಜಿನ್ ಬಿಚ್ಚಿಸಿಕೊಂಡು ಮನೆಗೆ ತಂದೆ. ಬಾಲ್ಕನಿ ತುಂಬಿತು. ಬಟ್ಟೆ ಎಲ್ಲಿ ಒಣಹಾಕಲಿ ಅಂತ ಹೆಂಡತಿ ದಿನಾ ಕೇಳತೊಡಗಿದಳು.

ಮೊದಲು ಹೋಗಿದ್ದು ಬಳಸಿದ ಬಿಡಿಭಾಗ ಕೊಳ್ಳುವ ಒಂದು ದೊಡ್ಡ ಅಂಗಡಿಗೆ. ಗುರುತಿನ ಚೀಟಿ ನೋಡಿದರು, ಫಾರಂ ತುಂಬಿಸಿದರು. ಕದ್ದ ಮಾಲು ಬರಬಾರದು ಅಂತ ಇಲ್ಲಿ ಹಳೇ ವಸ್ತುಗಳ ವ್ಯಾಪಾರಕ್ಕೇ ಬೇರೆ ಕಾನೂನಿದೆ. ಚಕ್ರ, ಸೈಲೆನ್ಸರ್, ಸೀಟು ತಂದವರಿಗೆ ತಕ್ಷಣ ಬೆಲೆ ಹೇಳುತ್ತಿದ್ದರು. ನನ್ನ ರೋಟರ್ ಹೌಸಿಂಗನ್ನು (ರೋಟರ್ ತಿರುಗುವ ಹೊರಕವಚ) ಮಾತ್ರ ಆ ಹುಡುಗ ತಿರುಗಿಸಿ ತಿರುಗಿಸಿ ನೋಡಿದ, ಒಳಗೆ ಹೋಗಿ ಬಂದ, ಕೊನೆಗೆ ಅಲ್ಯೂಮಿನಿಯಂ ತೂಕದ ಲೆಕ್ಕ ಹೇಳಿದ. ನಮ್ಮ ಶಿವಾಜಿನಗರದ ಗುಜರಿಯಲ್ಲಾದರೆ ಚೌಕಾಸಿಯಾದರೂ ಮಾಡಬಹುದಿತ್ತು. ಇಲ್ಲಿ ನಗುನಗುತ್ತಾ ತಲೆಬಾಗಿಸಿ ಅದೇ ಬೆಲೆಯನ್ನು ಮತ್ತೆ ಹೇಳುತ್ತಾರೆ.

ತೂಕಕ್ಕೆ ಮಾರುವ ವಸ್ತುವೇ ಅಲ್ಲ ಅದು. ಮಾಮೂಲಿ ಎಂಜಿನ್ ಸವೆದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸುತ್ತೇವೆ ಅಲ್ವಾ? ರೋಟರಿಗೆ ಆ ದಾರಿ ಇಲ್ಲ. ಹೌಸಿಂಗಿನ ಒಳಮೈಗೆ ತೆಳುವಾದ ಕ್ರೋಮ್ ಲೇಪ ಇರುತ್ತದೆ. ಅದು ಎದ್ದುಬಂದರೆ ಹೌಸಿಂಗಿನ ಕತೆ ಹೆಚ್ಚುಕಡಿಮೆ ಮುಗಿದಂತೆ. ಕಾರಿನ ತಯಾರಿಕೆ 2002ರಲ್ಲೇ ನಿಂತಿದೆ. ಜೊತೆಗೆ ಅಮೆರಿಕದವರ ಪೈಪೋಟಿ ಬೇರೆ. ಅಲ್ಲಿ 25 ವರ್ಷ ತುಂಬಿದ ಕಾರು ತರಿಸಿಕೊಳ್ಳಲು ಅಡ್ಡಿಯಿಲ್ಲ. 1999ರ 280 ಪಿಎಸ್ (ಅಶ್ವಶಕ್ತಿಯ ಅಳತೆ) ಮಾದರಿಯೂ 2024ರಲ್ಲಿ ಆ ಲೆಕ್ಕಕ್ಕೆ ಬಂತು. ಹಾಗಾಗಿ ಕ್ರೋಮ್ ಚೆನ್ನಾಗಿರುವ ಹಳೇ ಹೌಸಿಂಗಿಗೆ ಗಿರಾಕಿ ಇದ್ದೇ ಇರುತ್ತಾರೆ.

ಯಾಫುಒಕುವಿನಲ್ಲಿ ಒಂದು ವಸ್ತುವಿಗೆ 10 ಫೋಟೊ ಹಾಕಬಹುದು. ನಾನು ಹತ್ತನ್ನೂ ಬಳಸಿದೆ. ಪ್ಲಗ್ ರಂಧ್ರಗಳ ಸುತ್ತ, ಎಕ್ಸಾಸ್ಟ್ ಪೋರ್ಟಿನ ಅಂಚು, ಕ್ರೋಮಿನ ಬದಿ, ಎಲ್ಲಾ ಹತ್ತಿರದಿಂದ. ಅಲ್ಲಿನ ಕೊಳ್ಳುವವರು ಸಾಮಾನ್ಯದವರಲ್ಲ. ಕಂಪ್ರೆಷನ್ ಚೀಟಿ (ಎಂಜಿನ್ ಒಳಗಿನ ಒತ್ತಡ ಅಳೆದ ಚೀಟಿ) ಇದೆಯಾ ಅಂತ ಮೊದಲ ಪ್ರಶ್ನೆ. ರೋಟರಿಗೆ ಮಾಮೂಲಿ ಗೇಜ್ ಸಾಲದು. ಒಂದು ರೋಟರಿಗೆ ಮೂರು ಮುಖ, ಮೂರಕ್ಕೂ ಬೇರೆ ಬೇರೆ ಅಂಕಿ ಬೇಕು. ಸೀಲ್ ಮುರಿಯುವ ಮುಂಚೆ ಅಳೆಸಿದ್ದ ಚೀಟಿ ನನ್ನ ಹತ್ತಿರ ಇತ್ತು, ಹಾಕಿದೆ. ಮುಂದಿನ ಹೌಸಿಂಗಿನ ಬೆಲೆ ಅಲ್ಲಿಂದಲೇ ಏರಿತು. ಪ್ರಶ್ನೆ, ಉತ್ತರ ಎಲ್ಲರಿಗೂ ಕಾಣುವುದರಿಂದ ಒಬ್ಬರಿಗೆ ಹೇಳಿದರೆ ಸಾಕು.

ಅವಳಿ ಟರ್ಬೊದ್ದು ಬೇರೆ ಕತೆ. ಮುರಿದ ಸೀಲಿನ ಚೂರುಗಳು ಎಕ್ಸಾಸ್ಟ್ ಮೂಲಕವೇ ಹೊರಗೆ ಹೋಗುವುದು, ದಾರಿಯಲ್ಲಿ ಟರ್ಬೊದ ಟರ್ಬೈನ್ ಚಕ್ರ ಸಿಗುತ್ತದೆ. ರೆಕ್ಕೆಯ ಅಂಚು ಇಲಿ ಕಡಿದ ರೊಟ್ಟಿಯಂತಾಗಿತ್ತು. ಹೊಗೆಯನ್ನು ಟರ್ಬೊಗೆ ಒಯ್ಯುವ ಮ್ಯಾನಿಫೋಲ್ಡಿನಲ್ಲಿ ಬಿರುಕೂ ಇತ್ತು. ಎರಡನ್ನೂ ಫೋಟೊದಲ್ಲಿ ತೋರಿಸಿ ‘ಜಂಕು’ ಅಂತ ಹಾಕಿದೆ. ಗ್ಯಾರಂಟಿ ಇಲ್ಲ, ಇದ್ದದ್ದು ಇದ್ದ ಹಾಗೆ ಅಂತ ಅರ್ಥ. ಅದನ್ನೂ ಕೊಂಡರು! ಚೆನ್ನಾಗಿರುವ ಅರ್ಧಕ್ಕಾಗಿ ಇರಬೇಕು.

ಕೊನೆಯ 5 ನಿಮಿಷದಲ್ಲಿ ಯಾರಾದರೂ ಬೆಲೆ ಏರಿಸಿದರೆ ಸಮಯ ಇನ್ನೂ 5 ನಿಮಿಷ ಮುಂದಕ್ಕೆ ಹೋಗುವ ಏರ್ಪಾಡಿದೆ. ಅದನ್ನು ಖಂಡಿತ ಆನ್ ಮಾಡಿಡಿ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಸೆಟ್ಟಿಗೆ ಇಬ್ಬರು ಹೀಗೇ ಎಳೆದಾಡಿ, ನಾನು ಅಂದುಕೊಂಡಿದ್ದಕ್ಕಿಂತ ತುಂಬಾ ಮೇಲೆ ಹೋಯಿತು. ಊಟ ಬಿಟ್ಟು ಫೋನ್ ನೋಡುತ್ತಾ ಕೂತಿದ್ದೆ.

ಒಂದು ಸ್ಟಾರ್ ಯಾಕೆ ಕಡಿಮೆ? ಮಾರಿದ ಬೆಲೆಯಲ್ಲಿ ಸುಮಾರು ಹತ್ತನೇ ಒಂದು ಭಾಗ ಅವರಿಗೆ ಹೋಗುತ್ತದೆ. ಕೊಂಡವರು ‘ತಲುಪಿತು’ ಅನ್ನುವವರೆಗೆ ದುಡ್ಡೂ ಕೈಗೆ ಬರಲ್ಲ. ಎಲ್ಲಾ ಜಪಾನಿ ಭಾಷೆಯಲ್ಲೇ, ಅದೂ ವಿಪರೀತ ಮರ್ಯಾದೆಯ ಜಪಾನಿ. ಎಣ್ಣೆ ಒಂದು ಹನಿ ಜಿನುಗಿದರೂ ಕೊರಿಯರಿನವರು ಪೆಟ್ಟಿಗೆ ಮುಟ್ಟಲ್ಲ, ಆದ್ದರಿಂದ ತೊಳೆದು ಒರೆಸಿ ಪ್ಲಾಸ್ಟಿಕ್ ಸುತ್ತುವುದಕ್ಕೇ ಒಂದು ಸಂಜೆ ಬೇಕು.

ಸೈಡ್ ಹೌಸಿಂಗುಗಳನ್ನು (ರೋಟರಿನ ಎರಡೂ ಬದಿ ಮುಚ್ಚುವ ಭಾಗಗಳು) ಮಾತ್ರ ಅಲ್ಲಿ ಹಾಕಬೇಡಿ. ಎರಕದ ಕಬ್ಬಿಣ, ಸಿಕ್ಕಾಪಟ್ಟೆ ಭಾರ, ಕಳಿಸುವ ಖರ್ಚಿನಲ್ಲೇ ಲಾಭ ಕರಗುತ್ತದೆ. ಅವುಗಳ ಮೈಯನ್ನು ಉಜ್ಜಿ ಮತ್ತೆ ಬಳಸಬಹುದು, ಹಾಗಾಗಿ ಹತ್ತಿರದ ರೋಟರಿ ವರ್ಕ್‌ಶಾಪಿನವರೇ ತೆಗೆದುಕೊಳ್ಳುತ್ತಾರೆ. ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ, ಕೈಯಿಂದ ಕೊಟ್ಟು ಬನ್ನಿ. ಎತ್ತುವಾಗ ಜೊತೆಗೆ ಇನ್ನೊಬ್ಬರು ಇರಲಿ.