ಕಾಡಿನ ಮರವೋ, ತೋಟದ ಮರವೋ? ಮೂವರು ರಾಜರ ಹಬ್ಬದವರೆಗೆ ನಿಲ್ಲುವ ಕ್ರಿಸ್‌ಮಸ್ ಮರ

ಅಮೆರಿಕದ ಓರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ನಮ್ಮ ಬೀದಿಯ ಕೆಲವು ಮನೆಗಳ ಕ್ರಿಸ್‌ಮಸ್ ಮರ ಡಿಸೆಂಬರ್ 26ಕ್ಕೇ ಹೊರಗೆ ಬಂದು ಬಿದ್ದಿರುತ್ತದೆ. ಮಂಗಳೂರಿನ ಕ್ರೈಸ್ತರ ಮನೆಯಲ್ಲಿ ಬೆಳೆದವರಿಗೆ ಇದು ಒಗ್ಗುವುದಿಲ್ಲ. ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಕೂಸನ್ನು ಕಾಣಲು ಮೂವರು ರಾಜರು ಬಂದು ಸೇರುವುದು ಜನವರಿ 6ಕ್ಕೆ. ಅಲ್ಲಿಯವರೆಗೆ ಮರವೂ ಹಸಿರಾಗಿರಬೇಕು. ನವೆಂಬರ್ ಕೊನೆಗೆ ಬರುವ ಇಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ವಾರಾಂತ್ಯದಲ್ಲಿ ಮರ ಕಡಿದು ತರುವುದು ನಮ್ಮ ರೂಢಿ. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಆರು ವಾರ. ಇಲ್ಲಿನ ಜಾಹೀರಾತುಗಳು ಮರದ ಆಕಾರವನ್ನೂ ಪರಿಮಳವನ್ನೂ ಹೊಗಳುತ್ತವೆ. ನಾನು ನೋಡುವುದು ಹೊಸ ವರ್ಷ ಕಳೆದ ಮೇಲೆ ನೆಲದ ಮೇಲೆ ಎಷ್ಟು ಸೂಜಿ ಎಲೆ ಬಿದ್ದಿದೆ ಎಂಬುದನ್ನು.

ಅಮೆರಿಕದಲ್ಲಿ ಅತಿ ಹೆಚ್ಚು ಕ್ರಿಸ್‌ಮಸ್ ಮರ ಬೆಳೆಯುವ ರಾಜ್ಯ ಓರೆಗನ್. ಪೂರ್ವಕ್ಕೆ ಹೋದರೆ ಮೌಂಟ್ ಹುಡ್ ರಾಷ್ಟ್ರೀಯ ಅರಣ್ಯ, ದಕ್ಷಿಣಕ್ಕೆ ಹೋದರೆ ಕ್ಲಾಕಮಸ್ ಕೌಂಟಿಯ ತೋಟಗಳು. ಎರಡು ಕಡೆಯಿಂದಲೂ ಮರ ತಂದಿದ್ದೇವೆ. ಅವಸರದ ವರ್ಷಗಳಲ್ಲಿ ಅಂಗಡಿಯ ಅಂಗಳದಿಂದಲೂ ತಂದದ್ದುಂಟು.

ಅಂಗಡಿಯದನ್ನು ಮೊದಲು ಮುಗಿಸಿಬಿಡುತ್ತೇನೆ. ಇಲ್ಲಿ ಕಟಾವು ನವೆಂಬರ್ ಆರಂಭದಲ್ಲೇ ಶುರುವಾಗುತ್ತದೆ. ನಾವು ಕೊಳ್ಳುವ ಹೊತ್ತಿಗೆ ಆ ಮರ ಕಡಿದು ಎಷ್ಟು ದಿನವಾಗಿದೆ ಎಂದು ಕೇಳಿದರೆ ಅಂಗಳದ ಹುಡುಗ ನಗುತ್ತಾನೆ. ಕ್ರಿಸ್‌ಮಸ್‌ಗೆ ಸಾಕು, ಜನವರಿಗೆ ಸಾಲದು.

ಕಾಡಿನಲ್ಲಿ ಮರ ಕಡಿಯಲು ಬೇಕಾದ ಅರಣ್ಯ ಇಲಾಖೆಯ ಅನುಮತಿ ಚೀಟಿಗೆ ಮರವೊಂದಕ್ಕೆ 5 ಡಾಲರ್. ಮನೆಯಲ್ಲಿ ನಾಲ್ಕನೇ ತರಗತಿಯ ಮಗುವಿದ್ದರೆ ಒಂದು ಚೀಟಿ ಉಚಿತ. ನಮ್ಮ ಮಗಳು ಆ ವರ್ಷವಿಡೀ ಮರ ತನ್ನದೆಂದೇ ಸಾಧಿಸಿದಳು. ನಿಯಮಗಳು ನನಗೆ ಇಷ್ಟ. ಒತ್ತಾಗಿ ಬೆಳೆದ ಗುಂಪಿನಿಂದ ಒಂದನ್ನು ತೆಗೆಯಬೇಕು, ಆಗ ಪಕ್ಕದ ಮರಕ್ಕೆ ಬೆಳಕು ಸಿಗುತ್ತದೆ. ದೊಡ್ಡ ಮರದ ತುದಿಯನ್ನಷ್ಟೇ ಕತ್ತರಿಸಿಕೊಂಡು ಬರುವಂತಿಲ್ಲ. ಆದರೆ ದುಡ್ಡಿನ ಉಳಿತಾಯ ಎಂದು ಯಾರೂ ಹೊರಡಬೇಡಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹಿಮದ ಜಾಗಗಳಲ್ಲಿ ವಾಹನ ನಿಲ್ಲಿಸಲು ಬೇರೆ ಚೀಟಿ, ಟೈರಿಗೆ ಸರಪಳಿ, ಪೆಟ್ರೋಲ್, ಇಳಿಯುವಾಗ ಎಲ್ಲರಿಗೂ ಬಿಸಿ ಸೂಪು ಎಲ್ಲ ಸೇರಿ ತೋಟದ ಮರದ ಬೆಲೆ ಮುಟ್ಟುತ್ತದೆ.

ಇನ್ನು ಮರದ ವಿಷಯ. ಇಲ್ಲಿ ಕ್ರಿಸ್‌ಮಸ್‌ಗೆ ತರುವುದು ಫರ್ ಎಂಬ ಸೂಜಿ ಎಲೆಯ ಮರ. ದೊಡ್ಡ ಮರಗಳ ನೆರಳಿನಲ್ಲಿ ಬೆಳೆದ ಕಾಡಿನ ಫರ್ ಬಡಕಲು. ಒಂದು ಸುತ್ತು ಕೊಂಬೆ, ಆಮೇಲೆ ಗೇಣುದ್ದ ಬರಿ ಕಾಂಡ, ಮತ್ತೆ ಕೊಂಬೆ. ಹಿಮದಲ್ಲಿ ನಿಂತಾಗ ಚೆಂದ ಕಂಡದ್ದು ಮನೆಯ ಹಜಾರದಲ್ಲಿ ನಿಲ್ಲಿಸಿದಾಗ ಅರ್ಧ ಮರದಂತೆ ಕಾಣುತ್ತದೆ. ನನ್ನ ಹೆಂಡತಿಗೆ ಇದೇ ಮೆಚ್ಚು. ಊರಿನಲ್ಲಿ ನಾವು ನೆಡುತ್ತಿದ್ದದ್ದು ಗಾಳಿಮರದ ಕೊಂಬೆ. ಅದು ಕಾಗದದ ನಕ್ಷತ್ರಕ್ಕಿಂತ ಭಾರವಾದ ಏನನ್ನೂ ಹೊರುತ್ತಿರಲಿಲ್ಲ, ಎಲ್ಲರ ಕಣ್ಣೂ ಗೋದಲಿಯ ಮೇಲೆಯೇ ಇರುತ್ತಿತ್ತು ಎಂಬುದು ಅವಳ ವಾದ. ತೆಗೆದುಹಾಕುವ ಮಾತಲ್ಲ. ಕಾಡಿನ ಮರದ ಕೆಳಗೆ ಗೋದಲಿಗೆ, ರಾಗಿ ಮೊಳಕೆಯ ಬಟ್ಟಲುಗಳಿಗೆ ಧಾರಾಳ ಜಾಗ ಉಳಿಯುತ್ತದೆ. ಬೆಟ್ಟದ ಸರಿಯಾದ ಎತ್ತರದಲ್ಲಿ ಹುಡುಕಿದರೆ ಅಲ್ಲಿ ಸಿಗುವುದೂ ತೋಟದಲ್ಲಿ ಬೆಳೆಯುವ ನೋಬಲ್ ಫರ್ ಜಾತಿಯೇ. ನೀರು ತಪ್ಪದಿದ್ದರೆ ಆರು ವಾರ ನಿಲ್ಲುತ್ತದೆ.

ತೋಟದಲ್ಲಿ ಹುಡುಕಾಟ ಬೇರೆ ಬಗೆಯದು. ವರ್ಷವರ್ಷವೂ ಕತ್ತರಿಯಾಡಿಸಿ ಗೋಪುರದ ಆಕಾರಕ್ಕೆ ತಂದ ಸಾಲುಗಳು, ಕೈಗೆ ಅವರೇ ಕೊಡುವ ಗರಗಸ. ಕಡಿದ ಮೇಲೆ ಒಣಗಿದ ಸೂಜಿ ಉದುರಿಸಲು ಯಂತ್ರ ಮರವನ್ನು ಗಡಗಡ ಅಲುಗಾಡಿಸುತ್ತದೆ, ಇನ್ನೊಂದು ಅದನ್ನು ಬಲೆಯಲ್ಲಿ ಬಿಗಿಯುತ್ತದೆ. ಮಕ್ಕಳಿಗೆ ಮರಕ್ಕಿಂತ ಆ ಯಂತ್ರವೇ ಹಬ್ಬ. ಇಲ್ಲಿ ಜಗಳವಾಗುವುದು ಮರದ ಜಾತಿಯ ಮೇಲೆ.

ಡಗ್ಲಸ್ ಫರ್ ಅಗ್ಗ, ದಟ್ಟ, ಸೂಜಿ ಮೃದು, ಪರಿಮಳ ಮನೆಯೆಲ್ಲ ತುಂಬುತ್ತದೆ. ಹೆಸರಿಗೆ ಫರ್ ಎಂದರೂ ಸಸ್ಯಶಾಸ್ತ್ರದಲ್ಲಿ ಅದು ನಿಜವಾದ ಫರ್‌ಗಳ ಕುಲಕ್ಕೆ ಸೇರುವುದಿಲ್ಲ. ಕೊಂಬೆ ಬಳುಕುತ್ತದೆ, ಅಮ್ಮ ಕೊಟ್ಟ ಭಾರದ ಗಾಜಿನ ಗುಂಡುಗಳನ್ನು ತೂಗಿದರೆ ಜಾರಿ ಬೀಳುತ್ತವೆ. ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ಡಬ್ಬ ಖಾಲಿಯಾಗುವ ಹೊತ್ತಿಗೆ ಮರದ ಕೆಳಗೆ ಹಸಿರು ರಾಶಿ ಬಿದ್ದಿರುತ್ತದೆ. ನೋಬಲ್ ದುಬಾರಿ, ಆಳೆತ್ತರಕ್ಕೆ ಬರಲು ಎಂಟು-ಹತ್ತು ವರ್ಷ ಬೇಕು. ಆದರೆ ಕೊಂಬೆ ಗಟ್ಟಿ, ಹಂತಹಂತವಾಗಿ ನಡುವೆ ಜಾಗ ಬಿಟ್ಟಿರುತ್ತದೆ. ಗಾಜಿನ ಗುಂಡು ಕೊಂಬೆಗೆ ಒರಗದೆ ನೇರ ತೂಗುತ್ತದೆ. ಜನವರಿಯಲ್ಲೂ ಕೈಯಾಡಿಸಿದರೆ ನಾಲ್ಕಾರು ಸೂಜಿ ಬಿದ್ದರೆ ಹೆಚ್ಚು. ಇತ್ತೀಚೆಗೆ ಕಾಕಸಸ್ ಮೂಲದ ನಾರ್ಡ್‌ಮನ್ ಫರ್ ಕೂಡ ಸಾಲುಗಳಲ್ಲಿ ಕಾಣುತ್ತಿದೆ. ನೀರು ನಿಲ್ಲುವ ನೆಲದಲ್ಲಿ ನೋಬಲ್‌ನ ಬೇರು ಕೊಳೆಯುತ್ತದೆ, ಇದು ಆ ರೋಗವನ್ನು ತಾಳಿಕೊಳ್ಳುತ್ತದೆ ಎಂಬುದು ಬೆಳೆಗಾರರ ಲೆಕ್ಕಾಚಾರ. ಸೂಜಿ ಹಿಡಿದಿಡುವುದರಲ್ಲಿ ಇದು ನೋಬಲ್‌ಗೆ ಸರಿಸಾಟಿ, ಪರಿಮಳ ಮಾತ್ರ ಮೂಗನ್ನು ಹತ್ತಿರ ಒಯ್ದರೂ ಅಷ್ಟಕ್ಕಷ್ಟೆ. 2021ರ ಜೂನ್‌ನಲ್ಲಿ ಇಲ್ಲಿ 46 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಲಿಗೆ ತೋಟಗಳ ಎಳೆ ಸಸಿಗಳು ಸುಟ್ಟುಹೋದವು. ಅದನ್ನು ನೆನೆದರೆ ಮುಂದೆ ನೋಬಲ್ ಇನ್ನೂ ತುಟ್ಟಿಯಾದೀತು ಎನಿಸುತ್ತದೆ.

ಯಾವುದನ್ನೇ ತಂದರೂ ಮನೆಗೆ ಬಂದೊಡನೆ ಬುಡವನ್ನು ಇನ್ನೊಂದು ಅಂಗುಲ ಕತ್ತರಿಸಿ ನೀರಿನಲ್ಲಿ ನಿಲ್ಲಿಸಬೇಕು. ದಾರಿಯಲ್ಲಿ ಅಂಟು ಕಟ್ಟಿದ ಬುಡ ನೀರು ಎಳೆಯುವುದಿಲ್ಲ. ಮೊದಲ ದಿನ ಮರ ನಾಲ್ಕು ಲೀಟರ್‌ವರೆಗೂ ಕುಡಿಯುತ್ತದೆ, ಬೆಳಿಗ್ಗೆ ನೋಡಿದರೆ ಸ್ಟ್ಯಾಂಡ್ ಬರಿದಾಗಿರುತ್ತದೆ.

ನನ್ನ ಮತ ತೋಟದ ನೋಬಲ್‌ಗೆ. ಹೆಂಡತಿ ಮತ್ತು ಮಗಳದ್ದು ಕಾಡಿಗೆ. ಹಾಗಾಗಿ ಈ ವರ್ಷವೂ ಮೌಂಟ್ ಹುಡ್ ಕಡೆಗೇ ಹೊರಡುತ್ತೇವೆ. ಆ ದಾರಿ ಹಿಡಿಯುವವರು ಚೀಟಿ ಮತ್ತು ನಕ್ಷೆಯನ್ನು ಮನೆಯಲ್ಲೇ ಮುದ್ರಿಸಿಕೊಳ್ಳಿ. ಮೇಲೆ ಹೋದಂತೆ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ.