ಹಳೆಯ ಕೋವಿಯ ಮರಕ್ಕೆ ಎಪಾಕ್ಸಿ ಸುರಿಯುವ ಮುನ್ನ ಇದನ್ನೊಮ್ಮೆ ಓದಿ

ಮೊನ್ನೆ ಚಿಕ್ಕಪ್ಪನ ಮಗ ವಿರಾಜಪೇಟೆಯಿಂದ ಫೋನ್ ಮಾಡಿದ್ದ. ಕೊಡಗಿನ ಆಯುಧಪೂಜೆ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂತು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆಂದು ಅಜ್ಜನ ಕಾಲದ ಪಾಯಿಂಟ್ ಟೂಟೂ (.22 ಅಳತೆಯ ಸಣ್ಣ ಕೋವಿ) ಹೊರಗೆ ತೆಗೆದಿದ್ದಾನೆ. ಗುರಿ ಒಂದೇ ಕಡೆ ನಿಲ್ಲುತ್ತಿಲ್ಲವಂತೆ. ‘ಅಣ್ಣಾ, ವಿಡಿಯೋದಲ್ಲಿ ನೋಡ್ದೆ. ಕೋವಿ ಮರದ ಒಳಗೆ ಎಪಾಕ್ಸಿ ಅಂಟು ಹಾಕಿ ಕೂರಿಸಿದ್ರೆ ಸರಿಹೋಗುತ್ತಂತೆ. ಭಾನುವಾರ ಮಾಡಿಬಿಡ್ತೀನಿ’ ಅಂದ. ಬೇಡ, ದಯವಿಟ್ಟು ಕೈ ಹಾಕಬೇಡ ಅಂದೆ. ಯಾಕೆ ಅಂತ ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ಅವನಂತೆ ಯೋಚಿಸುವವರು ಇನ್ನೂ ಇರುತ್ತಾರೆ, ಅಲ್ವಾ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಬೇಟೆ ಮುಗಿದ ಮಾತು. ಇಲ್ಲಿ ಲೈಸೆನ್ಸ್ ಪಡೆದು ಜಿಂಕೆ ಬೇಟೆಗೆ ಹೋಗಬಹುದು. ಪಕ್ಕದ ಮನೆಯ ಹಿರಿಯರೊಬ್ಬರು ಮೊಣಕಾಲು ನೋವಿನಿಂದ ಬೆಟ್ಟ ಹತ್ತುವುದನ್ನು ಬಿಟ್ಟಾಗ ತಮ್ಮ ವಿಂಚೆಸ್ಟರ್ ಮಾಡೆಲ್ 70 ಅನ್ನು ನನಗೆ ಕೊಟ್ಟರು. 1953ರಲ್ಲಿ ತಯಾರಾದ ಕೋವಿ, .30-06 ಅನ್ನುವ ಅಳತೆಯ ಗುಂಡಿನದು. ವಿಂಚೆಸ್ಟರ್‌ನವರು 1936ರಲ್ಲಿ ಶುರು ಮಾಡಿದ ಈ ಮಾಡೆಲನ್ನು 1964ರಲ್ಲಿ ಬದಲಿಸಿದರು. ಅದಕ್ಕೂ ಹಿಂದಿನವು ಅಂದರೆ ಇಲ್ಲಿನ ಬೇಟೆಗಾರರಿಗೆ ಜೀವ. ಎಣ್ಣೆ ಕುಡಿದು ಕಪ್ಪಾದ ವಾಲ್‌ನಟ್ ಮರ, ಕೈ ತಾಗಿ ತಾಗಿ ನುಣುಪಾದ ಹಿಡಿ. ದುಡ್ಡು ತೆಗೆದುಕೊಂಡರೂ ಅವರು ಅದನ್ನು ಮಗಳನ್ನು ಕಳಿಸಿಕೊಟ್ಟ ಹಾಗೆ ಕಳಿಸಿಕೊಟ್ಟರು.

ಮೊದಲ ವರ್ಷ ಅದು 100 ಗಜಕ್ಕೆ ಐದು ಗುಂಡನ್ನು ಒಂದೂಮುಕ್ಕಾಲು ಇಂಚಿನೊಳಗೆ ಇಡುತ್ತಿತ್ತು. ಅಷ್ಟು ಹಳೆಯ ಬೇಟೆ ಕೋವಿಗೆ ಇದು ಧಾರಾಳ. ಎರಡನೇ ವರ್ಷದ ಆಗಸ್ಟ್‌ನಲ್ಲಿ ಕೆಟ್ಟಿತು. ಎರಡು ಗುಂಡು ಒತ್ತೊತ್ತಿಗೆ ಬೀಳುತ್ತಿದ್ದವು, ಮೂರನೆಯದು ನಾಲ್ಕು ಇಂಚು ಆಚೆ. ಆಗ ಇಲ್ಲಿ ಸೆಕೆ ಜಾಸ್ತಿ, ಗಾಳಿಯಲ್ಲೂ ತೇವ. ಮರ ತೇವ ಕುಡಿದು ಉಬ್ಬಿದೆ, ನಳಿಗೆಯನ್ನು ಒತ್ತುತ್ತಿದೆ ಅಂತ ನಾನೇ ತೀರ್ಮಾನಿಸಿಬಿಟ್ಟೆ. ಮರ ಹಾಗೆ ಮಾಡುವುದು ನಿಜ. ಆದರೆ ನನ್ನ ಕೋವಿಯಲ್ಲಿ ಆಗಿದ್ದು ಅದೇನಾ ಅಂತ ನೋಡಲೇ ಇಲ್ಲ. ನನ್ನ ಮೊದಲ ತಪ್ಪು ಇದು. ಉಳಿದ ತಪ್ಪುಗಳೆಲ್ಲ ಇದರಿಂದಲೇ ಹುಟ್ಟಿದವು.

ಬೆಡ್ಡಿಂಗ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗುಂಡನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟ್ ಓಡಾಡುವ ಉಕ್ಕಿನ ಭಾಗಕ್ಕೆ ಆಕ್ಷನ್ ಅನ್ನುತ್ತಾರೆ. ಅದು ಮರದೊಳಗೆ ಹೇಗೆ ಕೂತಿದೆ ಅನ್ನುವುದೇ ಬೆಡ್ಡಿಂಗ್. ಆಕ್ಷನ್‌ನ ತಳದಲ್ಲಿ ದಪ್ಪ ಹಲ್ಲಿನಂಥ ಒಂದು ಉಬ್ಬು ಇದೆ. ಅದೇ ರಿಕಾಯಿಲ್ ಲಗ್. ಈಡು ಹಾರಿದಾಗ ಹಿಂದಕ್ಕೆ ಒದೆಯುವ ಬಲವೆಲ್ಲ ಆ ಹಲ್ಲಿನ ಹಿಂಬದಿಯಿಂದ ಮರಕ್ಕೆ ಹೋಗುತ್ತದೆ. ವರ್ಷಗಟ್ಟಲೆ ಒದೆ ತಿಂದ ಮರ ಅಲ್ಲಿ ಜಜ್ಜಿ ಸಡಿಲವಾಗುತ್ತದೆ. ಆಗ ಪ್ರತಿ ಗುಂಡಿಗೂ ಕೋವಿ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ, ಗುರಿ ಅಲೆದಾಡುತ್ತದೆ. ಸ್ವಲ್ಪ ಮರ ಕೆತ್ತಿ, ಎಪಾಕ್ಸಿ ತುಂಬಿ, ಆಕ್ಷನ್ನನ್ನು ಅದರಲ್ಲಿ ಕೂರಿಸಿ ಗಟ್ಟಿಯಾಗಲು ಬಿಟ್ಟರೆ ಅದರದೇ ಅಚ್ಚು ಸಿಗುತ್ತದೆ. ಸರಿಯಾಗಿ ಮಾಡಿದರೆ ಬಹಳ ಒಳ್ಳೆಯ ಕೆಲಸ.

ನಾನು ಶನಿವಾರ ಸಂಜೆ ಶುರು ಮಾಡಿದೆ. ಮರ ಕೆತ್ತಿದೆ. ಉಕ್ಕಿಗೆ ಎಪಾಕ್ಸಿ ಅಂಟಬಾರದು ಅಂತ ಮೇಣದ ಪಾಲಿಶ್ ಹಚ್ಚಿದೆ. ಆದರೆ ಕಣ್ಣಿಗೆ ಕಂಡ ಕಡೆ ಮಾತ್ರ ಹಚ್ಚಿದೆ. ಸ್ಕ್ರೂ ತೂತಿನ ಒಳಗೆ ಹಚ್ಚಲಿಲ್ಲ, ಸ್ಕ್ರೂವಿನ ಸುರುಳಿ ಗೀರುಗಳಿಗೂ ಹಚ್ಚಲಿಲ್ಲ. ಆಕ್ಷನ್ ತಳದಲ್ಲಿ ತೂತು, ಸೀಳು, ಸಂದು ಬೇಕಾದಷ್ಟಿವೆ. ಅವನ್ನೆಲ್ಲ ಮಕ್ಕಳು ಆಡುವ ಜೇಡಿಮಣ್ಣಿನಿಂದ ತುಂಬಿ ಸಮ ಮಾಡಬೇಕು. ಇಲ್ಲದಿದ್ದರೆ ಎಪಾಕ್ಸಿ ಅದರೊಳಗೆ ಹರಿದು, ಗಟ್ಟಿಯಾಗಿ ಬೀಗ ಹಾಕಿದ ಹಾಗೆ ಹಿಡಿದುಕೊಳ್ಳುತ್ತದೆ. ಆಮೇಲೆ ಎಷ್ಟು ಮೇಣ ಹಚ್ಚಿದ್ದರೂ ಉಪಯೋಗವಿಲ್ಲ. ಲಗ್‌ನ ಮುಂಭಾಗ, ಎರಡು ಬದಿ, ತಳಕ್ಕೆ ಟೇಪ್ ಸುತ್ತಿ, ಹಿಂಬದಿಗೆ ಮಾತ್ರ ಟೇಪ್ ಹಾಕದೆ ಬರೀ ಮೇಣ ಹಚ್ಚಬೇಕು. ಟೇಪ್ ತೆಗೆದ ಮೇಲೆ ಸಿಗುವ ಕೂದಲೆಳೆಯ ಜಾಗದಿಂದಲೇ ಲಗ್ ಸಲೀಸಾಗಿ ಒಳಗೆ ಹೋಗಿ ಹೊರಗೆ ಬರುವುದು. ಅದನ್ನೂ ಮಾಡಲಿಲ್ಲ.

ಇವೆಲ್ಲಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಎಪಾಕ್ಸಿ ಹಸಿ ಇರುವಾಗಲೇ, ಆಕ್ಷನ್ನನ್ನು ಮರಕ್ಕೆ ಹಿಡಿದಿಡುವ ಮೂರೂ ಸ್ಕ್ರೂಗಳನ್ನು ಬಲವಾಗಿ ಬಿಗಿದೆ. ಬಿಗಿದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಉಕ್ಕು ಕೂಡ ಬಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಬಾಗಿದ ಸ್ಥಿತಿಯಲ್ಲೇ ಅಚ್ಚು ಗಟ್ಟಿಯಾದರೆ ಆ ಬಾಗು ಶಾಶ್ವತ. ಆಕ್ಷನ್ ತನ್ನ ಪಾಡಿಗೆ ತಾನು ಒತ್ತಡವಿಲ್ಲದೆ ಕೂರಬೇಕು. ನಳಿಗೆಗೆ ಟೇಪ್ ಸುತ್ತಿ ನಡುಮಧ್ಯಕ್ಕೆ ತಂದು, ಮೃದುವಾದ ರಬ್ಬರ್ ಪಟ್ಟಿಯಿಂದ ಹಿಡಿದು ನಿಲ್ಲಿಸಿದರೆ ಸಾಕು. ಮಾಡೆಲ್ 70ರ ನಡುವಿನ ಸ್ಕ್ರೂವನ್ನಂತೂ ಯಾವಾಗಲೂ ಬರೀ ತಾಗಿಸಿ ಬಿಡಬೇಕು, ಬಿಗಿಯಬಾರದು. ಮ್ಯಾನುಯಲ್ ಇಲ್ಲದ ಹಳೆಯ ಕೋವಿಯಲ್ಲಿ ಇದನ್ನು ಹೇಳುವವರು ಯಾರು?

ಭಾನುವಾರ ಬೆಳಿಗ್ಗೆ ಆಕ್ಷನ್ ಮರದಿಂದ ಹೊರಗೆ ಬರಲಿಲ್ಲ. ಮುಂದಿನ ಸ್ಕ್ರೂ ತಿರುಗಲೇ ಇಲ್ಲ. ರಬ್ಬರ್ ಸುತ್ತಿಗೆಯಿಂದ ತಟ್ಟಿದೆ, ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ. ಒಂದು ಸಣ್ಣ ಶಬ್ದ ಬಂತು. ಒಣಗಿದ ಅಡಿಕೆ ಹಾಳೆ ಸೀಳಿದ ಹಾಗೆ. ನೋಡಿದರೆ ಆಕ್ಷನ್‌ನ ಬಾಲದ ಹಿಂದೆ, ಹೆಬ್ಬೆರಳು ಕೂರುವ ಜಾಗದಲ್ಲಿ, ಮರದ ಎಳೆಯ ಉದ್ದಕ್ಕೂ ಎರಡು ಇಂಚಿನ ಬಿರುಕು. ಒಳಗಿನ ಮರ ಮಾತ್ರ ಹೊಸದರಂತೆ ಹಳದಿ ಬಣ್ಣಕ್ಕಿತ್ತು. ಅಲ್ಲೇ ಗ್ಯಾರೇಜಿನ ನೆಲದ ಮೇಲೆ ಕೂತುಬಿಟ್ಟೆ.

ಮೂರು ದಿನ ಬಿಟ್ಟು ಇಲ್ಲಿನ ಹಳೆಯ ಗನ್‌ಸ್ಮಿತ್, ಅಂದರೆ ಕೋವಿ ರಿಪೇರಿಯವರು, ಒಬ್ಬರ ಹತ್ತಿರ ಹೋದೆ. ಅವರು ಬೈಯಲಿಲ್ಲ. ಸ್ಕ್ರೂ ತಲೆಗೆ ಸೋಲ್ಡರಿಂಗ್ ಕಡ್ಡಿ ಹಿಡಿದು ಕಾಯಿಸಿದರು. ಬಿಸಿಗೆ ಎಪಾಕ್ಸಿ ಮೆತ್ತಗಾಗಿ ಸ್ಕ್ರೂ ಬಂತು. ಆಮೇಲೆ ಕೋವಿಯನ್ನು ಇಡೀ ರಾತ್ರಿ ದೊಡ್ಡ ಫ್ರೀಜರಿನಲ್ಲಿಟ್ಟರು. ಚಳಿಗೆ ಉಕ್ಕು ಕುಗ್ಗುತ್ತದೆ. ಬೆಳಿಗ್ಗೆ ತೆಗೆದು ನಳಿಗೆಯನ್ನು ಮೇಲಕ್ಕೆ ಎತ್ತಿದಾಗ ಟಕ್ ಅಂತ ಬಿಟ್ಟುಕೊಂಡಿತು. ಒಂದು ಚಕ್ಕೆ ಮರ ಉಕ್ಕಿಗೇ ಅಂಟಿಕೊಂಡು ಬಂತು.

ಆಮೇಲೆ ಅವರು ಸ್ಕೋಪನ್ನು (ಗುರಿ ನೋಡುವ ದುರ್ಬೀನು) ಕಳಚಿ, ಅದನ್ನು ಕೋವಿಗೆ ಕೂರಿಸುವ ಅಡಿಯ ಬೇಸ್ ಮೇಲೆ ಬೆರಳಿಟ್ಟರು. ‘ಇದನ್ನು ನೋಡಿದ್ರಾ?’ ಅಂತ ಕೇಳಿದರು. ಮುಂದಿನ ಬೇಸಿನ ಒಂದು ಸ್ಕ್ರೂ ಅರ್ಧ ಸುತ್ತು ಸಡಿಲವಾಗಿತ್ತು. ಸ್ಕ್ರೂಡ್ರೈವರ್ ಇಟ್ಟರೆ ಸಾಕು, ಒತ್ತದೆಯೇ ತಿರುಗಿತು. ಆ ಬೇಸನ್ನು ನಾನು ಒಂದು ದಿನವೂ ಮುಟ್ಟಿ ನೋಡಿರಲಿಲ್ಲ.

ಅಷ್ಟೂ ತೊಂದರೆ ಆ ಒಂದು ಸ್ಕ್ರೂವಿನಿಂದಲೇ ಆಗಿತ್ತಾ? ಇನ್ನು ಅದನ್ನು ತಿಳಿಯಲು ದಾರಿಯೇ ಇಲ್ಲ. ಅವರು ಬಿರುಕಿಗೆ ಅಂಟು ಹಾಕಿ, ಒಳಗೆ ಮರದ ಗೂಟ ಕೊಟ್ಟು, ನಾನು ತುಂಬಿದ್ದನ್ನೆಲ್ಲ ಕೆರೆದು ತೆಗೆದು ಹೊಸದಾಗಿ ಬೆಡ್ಡಿಂಗ್ ಮಾಡಿದರು. ಸ್ಕ್ರೂವನ್ನೂ ಭದ್ರ ಮಾಡಿದರು. ಈಗ ಕೋವಿ ಚೆನ್ನಾಗಿ ಹೊಡೆಯುತ್ತದೆ. ಯಾವುದರಿಂದ ಸರಿಯಾಯಿತು ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ವರ್ಷದ ಬೇಟೆ ಕಾಲ ಕಳೆದೇ ಹೋಯಿತು. ಮೂಲ ಮರ ಹಾಗೇ ಇದ್ದಿದ್ದರೆ ಸಂಗ್ರಹಕಾರರು ಕೊಡುತ್ತಿದ್ದ ಬೆಲೆಯೂ ಹೋಯಿತು. ಪಕ್ಕದ ಮನೆಯ ಹಿರಿಯರಿಗೆ ಹೇಳದೆ ಇರಲಾಗಲಿಲ್ಲ. ಅವರು ಬಿರುಕಿನ ಮೇಲೆ ಹೆಬ್ಬೆರಳು ಓಡಿಸಿ, ಏನೂ ಹೇಳದೆ ಕೋವಿಯನ್ನು ವಾಪಸ್ ಕೊಟ್ಟರು.

ಹಾಗಾಗಿ ಮೊದಲು ಸುಮ್ನೆ ನೋಡಿ. ಬೋಲ್ಟ್ ಹೊರಗೆ ತೆಗೆದು, ಕೋವಿ ಖಾಲಿ ಇದೆ ಅಂತ ಕಣ್ಣಲ್ಲೂ ಬೆರಳಲ್ಲೂ ಖಚಿತ ಮಾಡಿಕೊಂಡು ಶುರು ಮಾಡಿ. ಸ್ಕೋಪಿನ ಬೇಸು, ಸ್ಕೋಪನ್ನು ಹಿಡಿದಿಡುವ ರಿಂಗುಗಳ ಸ್ಕ್ರೂ ನೋಡಿ. ಆಕ್ಷನ್ ಸ್ಕ್ರೂ ನೋಡಿ. ನಳಿಗೆಯ ಬಾಯಂಚಿನ ಸುತ್ತ ಹತ್ತಿ ಆಡಿಸಿ, ಎಳೆ ಸಿಕ್ಕಿಕೊಂಡರೆ ಅಲ್ಲಿ ಪೆಟ್ಟು ಬಿದ್ದಿದೆ. ಗುಂಡುಗಳಿಂದ ನಳಿಗೆಯೊಳಗೆ ಕಟ್ಟಿದ ತಾಮ್ರವನ್ನು ತೊಳೆಯಿರಿ. ಗುಂಡಿನ ಬ್ರ್ಯಾಂಡ್ ಬದಲಿಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಗುಂಡು ನಂಬಬೇಡಿ, ಐದು ಹೊಡೆಯಿರಿ, ಮತ್ತೊಂದು ದಿನ ಇನ್ನೈದು.

ಬೆಡ್ಡಿಂಗ್ ಮೇಲೇ ಅನುಮಾನ ಇದ್ದರೆ ಅದಕ್ಕೂ ಬೆರಳೇ ಸಾಕು. ಮರದ ಮುಂದಿನ ತುದಿಗೂ ನಳಿಗೆಗೂ ಒಟ್ಟಿಗೆ ತಾಗುವಂತೆ ಬೆರಳಿಟ್ಟು, ಇನ್ನೊಬ್ಬರಿಂದ ಮುಂದಿನ ಆಕ್ಷನ್ ಸ್ಕ್ರೂ ಸಡಿಲ ಮಾಡಿಸಿ. ನಳಿಗೆ ಮರದಿಂದ ಎದ್ದದ್ದು ಬೆರಳಿಗೆ ಗೊತ್ತಾದರೆ ಆಕ್ಷನ್ ಒತ್ತಡದಲ್ಲಿ ಕೂತಿದೆ ಅಂತ ಅರ್ಥ. ಮಾಡೆಲ್ 70ರಲ್ಲಿ ಮುಂಭಾಗದ ಮರವನ್ನು ನಳಿಗೆಗೆ ಹಿಡಿದಿಡುವ ಸ್ಕ್ರೂ ಇದ್ದರೆ ಮೊದಲು ಅದನ್ನು ತೆಗೆಯಿರಿ.

ನಳಿಗೆಗೆ ಮರ ತಾಗುತ್ತಿದೆ ಅಂತ ಕಂಡಕೂಡಲೇ ಕೆರೆಯಲು ಹೋಗಬೇಡಿ. ಬ್ರಿಟಿಷ್ ಸೈನ್ಯದ ಲೀ ಎನ್‌ಫೀಲ್ಡ್‌ನಂಥ ಹಳೆಯ ಕೋವಿಗಳಲ್ಲಿ ಮರದ ತುದಿ ನಳಿಗೆಯನ್ನು ಕೆಳಗಿನಿಂದ ಒತ್ತುವಂತೆ ಬೇಕೆಂದೇ ಕೂರಿಸಿರುತ್ತಾರೆ. ಅದನ್ನು ಕೆರೆದರೆ ಇದ್ದ ಗುರಿಯೂ ಹೋಗುತ್ತದೆ.

ತಮ್ಮಾ, ನಿನ್ನ ಟೂಟೂಗೆ ಸ್ಕೋಪ್ ಇಲ್ಲ. ಗುರಿ ನೋಡುವ ನಳಿಗೆ ತುದಿಯ ಸೈಟನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ ನೋಡು, ಅಲುಗುತ್ತದಾ ಅಂತ. ಮಳೆಗಾಲ ಪೂರ್ತಿ ಅಟ್ಟದಲ್ಲಿದ್ದ ಮರ, ಒಂದೆರಡು ವಾರ ಒಣ ಜಾಗದಲ್ಲಿಟ್ಟು ಇನ್ನೊಮ್ಮೆ ಹೊಡೆದು ನೋಡು. ಆಗಲೂ ನಿಲ್ಲದಿದ್ದರೆ ಲೈಸೆನ್ಸ್ ಇರುವ ರಿಪೇರಿಯವರಿಗೇ ತೋರಿಸು. ಆ ಕೋವಿಗೆ ಅಜ್ಜ ಪ್ರತಿ ವರ್ಷ ಹಬ್ಬದ ದಿನ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸುತ್ತಿದ್ದರು, ನೆನಪಿದೆಯಾ? ಭಾನುವಾರ ಸ್ಕ್ರೂ ನೋಡಿ ಆದ ಮೇಲೆ ಫೋನ್ ಮಾಡು. ನಾನು ಎದ್ದಿರುತ್ತೇನೆ.